ಚಟ್ನಿಪುಡಿ ಮತ್ತು ಎಂಟು ಪ್ಯಾಕೆಟ್ ಕಾಫಿ ಬೀಜ

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನನ್ನ ಕೆಲಸ. ಸಕಲೇಶಪುರ, ಆಲೂರು ಕಡೆಯ ತೋಟಗಳ ಪಾರ್ಚ್‌ಮೆಂಟು (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ), ಚೆರಿ (ಇಡಿಯಾಗಿ ಒಣಗಿಸಿದ ಹಣ್ಣು) ನಮ್ಮಲ್ಲಿಗೆ ಬರುತ್ತದೆ. ಸಿಪ್ಪೆ ತೆಗೆದು, ಗಾತ್ರ ನೋಡಿ ಬೇರೆ ಮಾಡಿ ಮೂಟೆ ಕಟ್ಟುತ್ತೇವೆ. ಇಟಲಿಗೆ ಜಾಸ್ತಿ ಹೋಗುತ್ತದೆ. ನಮ್ಮ ರೊಬಸ್ಟಾ ಜಾತಿಯ ಕಾಫಿ ಎಸ್‌ಪ್ರೆಸೊಗೆ ಒಳ್ಳೆಯ ನೊರೆ ಕೊಡುತ್ತದಲ್ಲ, ಅದಕ್ಕೆ. ಹೋದ ವರ್ಷ ಟ್ರಿಯೆಸ್ಟೆ ಎಂಬ ಬಂದರು ಊರಿನ ಖರೀದಿದಾರರನ್ನು ನೋಡಿ ಬರಲು ನನ್ನನ್ನೇ ಕಳಿಸಿದರು. ನಾನು ಅದುವರೆಗೆ ವಿಮಾನವನ್ನೇ ಹತ್ತಿರಲಿಲ್ಲ.

ವೀಸಾದ ಕಾಗದಪತ್ರದ್ದು ಓಡಾಟವಾದರೂ ಕಷ್ಟವಾಗಲಿಲ್ಲ. ಅಲ್ಲಿಂದ ಬಂದ ಆಹ್ವಾನ ಪತ್ರ, ಕನಿಷ್ಠ 30,000 ಯೂರೊ ವಿಮೆ, ವಾಪಸ್ ಹೊರಡುವ ದಿನದಿಂದ ಇನ್ನೂ 3 ತಿಂಗಳು ಚಾಲ್ತಿ ಇರುವ ಪಾಸ್‌ಪೋರ್ಟು. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆ.

ನನ್ನ ಪೂರ್ತಿ ಗಮನ ಇದ್ದದ್ದು ಖರೀದಿದಾರರಿಗೆ ತೋರಿಸುವ ಎಂಟು ಮಾದರಿ ಪ್ಯಾಕೆಟ್‌ಗಳ ಮೇಲೆ. ಒಂದೊಂದರಲ್ಲೂ 300 ಗ್ರಾಂ ಹುರಿಯದ ಬೀಜ. ನಾಲ್ಕು ರೊಬಸ್ಟಾ, ನಾಲ್ಕು ಅರೇಬಿಕಾ. ವರ್ಷವಿಡೀ ಬೆಳೆಗಾರರು ಪಟ್ಟ ಪಾಡನ್ನು ಅಲ್ಲಿಯವರು ಅಳೆಯುವುದು ಅಷ್ಟರಲ್ಲೇ.

ಹೊರಡುವ ಹಿಂದಿನ ದಿನ ಅರಸೀಕೆರೆಯಿಂದ ಅತ್ತೆ ಬಂದರು. ಚೀಲದಲ್ಲಿ ಹತ್ತು ಗಿಟಕು ಕೊಬ್ಬರಿ. "ಅಲ್ಲಿಯೋರಿಗೆ ಕೊಡು, ಇಂಥದ್ದು ಅವರಿಗೆಲ್ಲಿ ಸಿಗುತ್ತೆ?" ಎಂದರು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ವಿಮಾನದ ಮಟ್ಟಿಗೆ ಅದು ಅಪಾಯದ ಸರಕು ಅಂತ ಹೇಳಿದೆ. ಅವರಿಗೆ ನಂಬಲು ಆಗಲೇ ಇಲ್ಲ. ಅಮ್ಮನ ತುಪ್ಪದ ಡಬ್ಬಿಯೂ ಹೊರಗೆ ಬಂತು, ಹೊರಗಿನ ಹಾಲಿನ ಪದಾರ್ಥ ಪ್ರಯಾಣಿಕರು ಯುರೋಪಿಗೆ ಒಯ್ಯುವಂತಿಲ್ಲ. ಉಳಿದದ್ದು ಕೋಡುಬಳೆ ಮತ್ತು ಹುರಿಗಡಲೆಯ ಬೆಳ್ಳುಳ್ಳಿ ಚಟ್ನಿಪುಡಿ. "ಬರೀ ಬ್ರೆಡ್ಡು ತಿಂದ್ಕೊಂಡು ಇರ್ತೀಯಾ? ಇದಾದ್ರೂ ಇಟ್ಕೊ" ಅಂತ ಅಮ್ಮ ತಾನೇ ಸೂಟ್‌ಕೇಸಿನ ಮೂಲೆಯಲ್ಲಿ ಇಟ್ಟಳು. ಪಕ್ಕದಲ್ಲೇ ಕಾಗದದ ಕವರಿನಲ್ಲಿ ನನ್ನ ಎಂಟು ಪ್ಯಾಕೆಟ್. ಮುಚ್ಚಿ ಮಲಗಿದೆ.

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೂಟ್‌ಕೇಸ್ ತೆರೆದೆ. ಬೆಳ್ಳುಳ್ಳಿ ಘಮ್ಮೆಂದಿತು. ಎದೆ ಧಸಕ್ಕೆಂದಿತು. ಕಾಫಿ ಬೀಜ ಸುತ್ತಲಿನ ವಾಸನೆ ಎಳೆದುಕೊಳ್ಳುತ್ತದೆ. ನಮ್ಮ ಗೋಡೌನಿನಲ್ಲಿ ಮೆಣಸು, ಏಲಕ್ಕಿಯ ಚೀಲ ಹತ್ತಿರಕ್ಕೂ ತರಲು ಬಿಡುವುದಿಲ್ಲ. ಆ ವಿಷಯ ದಿನಾ ಹೇಳುವವಳು ನಾನೇ. ಒಂದು ಪ್ಯಾಕೆಟ್ ಬಿಚ್ಚಿ ಮೂಸಿದೆ. ಬೀಜದ ಹಸಿ ಪರಿಮಳದ ಹಿಂದೆ ಅದು ಇತ್ತು, ಸಣ್ಣಗೆ, ಆದರೆ ಇತ್ತು. ಇಷ್ಟಿದ್ದರೆ ಸಾಕು, ಕಪ್ಪಿಂಗ್ (ಕಾಫಿಯ ರುಚಿ ಪರೀಕ್ಷೆ) ಮಾಡುವವರ ನಾಲಿಗೆಗೆ ಸಿಕ್ಕೇ ಸಿಗುತ್ತದೆ. ತಪ್ಪು ಮಾತ್ರ ತೋಟದ ಹೆಸರಿಗೆ ಅಂಟುತ್ತದೆ.

ಮ್ಯಾನೇಜರ್ ಸರ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. "ಬಾಮ್ಮ, ಬೀಗ ತೆಗೆಸ್ತೀನಿ" ಎಂದರು. ರಾತ್ರಿ ಪಾಳಿಯ ಅಣ್ಣ ಟಾರ್ಚ್ ಹಿಡಿದು ನಿಂತರು. ಅವೇ ಎಂಟು ಲಾಟ್‌ಗಳ ಮೂಟೆಗಳಿಂದ ಮತ್ತೆ ಬೀಜ ತೆಗೆದೆವು. ಗಟ್ಟಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಹೊರಗೆ ಒತ್ತಿ, ಬಾಯಿ ಬಿಗಿದು, ಲಾಟ್ ನಂಬರು ಬರೆದೆವು. ಈ ಸಲ ಅವು ನನ್ನ ಕೈಚೀಲಕ್ಕೆ. ಜೊತೆಗೆ ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಮಾರಾಟಕ್ಕಲ್ಲದ ಮಾದರಿ ಎಂಬ ಪತ್ರ. ಪವರ್ ಬ್ಯಾಂಕ್ ಹೇಗಿದ್ದರೂ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ. ಚಟ್ನಿಪುಡಿಯನ್ನು ಸ್ಟೀಲ್ ಡಬ್ಬಿಗೆ ತುಂಬಿ, ಮೇಲೆ ಎರಡು ಕವರ್ ಸುತ್ತಿ ಸೂಟ್‌ಕೇಸಿನಲ್ಲೇ ಬಿಟ್ಟೆ. ತೆಗೆದಿಡಲು ಮನಸ್ಸಾಗಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನನ್ನಿಂದ ಹಿಂಗಾಯ್ತಾ?" ಅಂತ ಕೇಳಿದಳು. ಇಲ್ಲಮ್ಮ, ಇಡುವ ಜಾಗ ನೋಡಿಕೊಳ್ಳಬೇಕಿದ್ದವಳು ನಾನು ಎಂದೆ.

ಟ್ರಿಯೆಸ್ಟೆಯಲ್ಲಿ ಖರೀದಿದಾರರು ಪ್ಯಾಕೆಟ್ ಬಿಚ್ಚಿದ ಕೂಡಲೇ ಮೂಗಿನ ಹತ್ತಿರ ಹಿಡಿದರು. ಬಣ್ಣ ನೋಡಿದ್ದು ಆಮೇಲೆ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಅವರು ಏನೂ ಹೇಳದೆ ಬೀಜವನ್ನು ತಟ್ಟೆಗೆ ಸುರಿದು ಎರಡನೆಯದಕ್ಕೆ ಕೈ ಹಾಕಿದರು.

ರಾತ್ರಿ ಅಮ್ಮನ ಫೋನ್. "ಪುಡಿ ಚೆಲ್ಲಿಲ್ಲ ತಾನೇ?"

"ಇಲ್ಲಮ್ಮ, ಈಗ ಬ್ರೆಡ್ ಜೊತೆ ಅದನ್ನೇ ತಿಂತಿದೀನಿ."