ಗಿಳಿ ಅಚ್ಚು ಬಿದ್ದ ದಿನ

ಈ ಸಲ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮನಿಗೆ ಮಣಿಕಟ್ಟು ನೋವು, ಪಾಕ ತಿರುವೋಕೆ ಆಗುತ್ತಿರಲಿಲ್ಲ. ಮರದ ಅಚ್ಚುಗಳನ್ನು ಅವರೇ ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿದ್ದರು. ಆನೆ, ತುಳಸಿಕಟ್ಟೆ, ಬಾಳೆಗೊನೆ, ಗಿಳಿ. ಮರ ಒಣಗಿದ್ದರೆ ಸಕ್ಕರೆ ಅಂಟಿಕೊಂಡು ಗಿಳಿಯ ಕೊಕ್ಕು ಅಚ್ಚಲ್ಲೇ ಉಳಿದುಬಿಡುತ್ತೆ.

ಒಂದು ಕೆಜಿ ಸಕ್ಕರೆ, ಅದು ಮುಳುಗುವಷ್ಟು ನೀರು. ಕುದಿ ಬಂದಾಗ ಎರಡು ಚಮಚ ಹಾಲು ಹಾಕಿದೆ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂತು, ಬಟ್ಟೆಯಲ್ಲಿ ಸೋಸಿದೆ. ಇನ್ನು ಒಂದೊಂದೇ ಸೌಟು ಪಾಕವನ್ನು ಚಿಕ್ಕ ಬಾಣಲೆಯಲ್ಲಿ ಕುದಿಸಿ ಹುಯ್ಯಬೇಕು.

ಮೊದಲ ಸಲ ಅವಸರಪಟ್ಟೆ. ಪಾಕ ತಿಳಿಯಾಗಿರುವಾಗಲೇ ಹುಯ್ದೆ. ಕಾಲು ಗಂಟೆ ಬಿಟ್ಟು ಅಚ್ಚಿನ ಎರಡು ಹೋಳಿಗೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಬಿಚ್ಚಿದರೆ ಗಿಳಿಯೇ ಇಲ್ಲ, ಜೇನಿನಂಥ ಪಾಕ ಸಂದಿಯಿಂದ ಸೋರಿತು. ಎರಡನೇ ಸಲ ಪಾಕ ತಿರುವುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಒಲೆ ಆರಿಸಿ ಹೋಗಿ ಬರುವಷ್ಟರಲ್ಲಿ ಬಾಣಲೆಯಲ್ಲೇ ಬೆಳ್ಳಗೆ ಕಲ್ಲಾಗಿತ್ತು. ನನಗೆ ಅಳು ಬರುವ ಹಾಗಾಯಿತು. ಅಮ್ಮ ಮಾತ್ರ, "ಏನೂ ಹಾಳಾಗಿಲ್ಲ ಕಣೇ, ಒಂಚೂರು ನೀರು ಹಾಕಿ ಮತ್ತೆ ಒಲೆ ಮೇಲಿಡು" ಅಂದರು. ಇಟ್ಟೆ. ಕಲ್ಲು ಕರಗಿ ಮತ್ತೆ ಪಾಕವಾಯಿತು.

ಶಾಲೆಯಲ್ಲಿ ಓದಿದ್ದ ಪರ್ಯಾಪ್ತ ದ್ರಾವಣ, ಅಂದರೆ ಇನ್ನು ಒಂದು ಚೂರೂ ಕರಗಿಸಿಕೊಳ್ಳಲಾರದಷ್ಟು ತುಂಬಿದ ನೀರು, ನೆನಪಾಗಿದ್ದು ಆಗಲೇ. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತೆ. 100 ಡಿಗ್ರಿಯಲ್ಲಿ 480ಕ್ಕೂ ಜಾಸ್ತಿ. ಕುದಿಯುವಾಗ ನೀರು ಆವಿಯಾಗುತ್ತಾ ಹೋಗುತ್ತೆ, ಉಳಿದ ಸ್ವಲ್ಪವೇ ನೀರು ಬಿಸಿಯ ಬಲದಿಂದ ಅಷ್ಟೂ ಸಕ್ಕರೆಯನ್ನು ಹಿಡಿದುಕೊಂಡಿರುತ್ತೆ. ಆರಿದ ಮೇಲೆ ಅಷ್ಟನ್ನು ಹಿಡಿದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದರೂ ತಿರುವದೆ ಸುಮ್ನೆ ಬಿಟ್ಟರೆ ಎಷ್ಟೋ ಹೊತ್ತು ತಿಳಿಯಾಗಿಯೇ ಇರುತ್ತೆ. ಮೊದಲ ಹರಳು ಹುಟ್ಟಬೇಕು, ಅದಕ್ಕೇ ತಿರುವೋದು. ಚೆನ್ನಾಗಿ ತಿರುವಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಟ್ಟಿಗೆ ಹುಟ್ಟಿ ಅಚ್ಚು ನಯವಾಗುತ್ತೆ. ಇಂಥದೇ ಪಾಕದಲ್ಲಿ ದಾರ ಇಳಿಬಿಟ್ಟು ದಿನಗಟ್ಟಲೆ ಅಲುಗಿಸದೆ ಇಟ್ಟರೆ ದಪ್ಪ ದಪ್ಪ ಕಲ್ಲುಸಕ್ಕರೆ.

ಉಪ್ಪಿನಲ್ಲಿ ಹೀಗೆ ಮಾಡೋಕಾಗಲ್ಲ. 100 ಗ್ರಾಂ ನೀರಿನಲ್ಲಿ 20 ಡಿಗ್ರಿಗೆ 36 ಗ್ರಾಂ ಕರಗಿದರೆ, 100 ಡಿಗ್ರಿಗೂ ಬರೀ 39. ಆರಿದರೆ ಬೀಳೋದು ಮೂರೇ ಗ್ರಾಂ ಅಲ್ವಾ? ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ತೆಗೆಯೋಕೆ ಬಿಸಿಲಲ್ಲಿ ನೀರನ್ನೇ ಆವಿಯಾಗಿಸುತ್ತಾರೆ.

ಮೂರನೇ ಸೌಟು. ಗುಳ್ಳೆಗಳು ದಪ್ಪಗಾದವು. ಒಲೆಯಿಂದ ಇಳಿಸಿ ಕೈ ಬಿಡದೆ ತಿರುವಿದೆ. ಬಾಣಲೆಯ ಅಂಚಲ್ಲಿ ಮೊದಲು ಕೂದಲೆಳೆಯಷ್ಟು ಬಿಳಿ ಗೆರೆ ಕಂಡಿತು. ನೋಡುತ್ತಿದ್ದಂತೆ ಇಡೀ ಪಾಕ ಹಾಲಿನ ಬಣ್ಣಕ್ಕೆ ತಿರುಗಿತು, ಚಮಚ ಭಾರವಾಯಿತು. "ಈಗ ಹುಯ್ಯಿ!" ಅಮ್ಮ ಹಿಂದಿನಿಂದ ಕೂಗಿದರು.

ಐದು ನಿಮಿಷದ ಮೇಲೆ ಬಿಚ್ಚಿದೆ. ರೆಕ್ಕೆಯ ಗೆರೆಗಳೂ ಮೂಡಿದ್ದ ಬಿಳಿ ಗಿಳಿ, ಕೈಗೆ ಇನ್ನೂ ಬೆಚ್ಚಗಿತ್ತು. ಬಾಲದ ತುದಿ ಮಾತ್ರ ಮುರಿದಿತ್ತು. ಆ ಚೂರನ್ನು ಬಾಣಲೆಗೆ ಹಾಕಿ ಮುಂದಿನ ಸೌಟು ಪಾಕ ಹುಯ್ದೆ.