ತಿರುವಿಗೆ ಮುಂಚೆ ಮುಗಿಸಬೇಕಾದ ಕೆಲಸ: ಭಾರದ ಬೈಕ್ ಓಡಿಸುವವರಿಗೆ

ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮೀಟಿಯರ್ 650 ಒಂದು ಕ್ರೂಸರ್, ಅಂದರೆ ತಗ್ಗು ಸೀಟಿನ, ಉದ್ದನೆಯ ಭಾರದ ಬೈಕ್. ಅದರ ತೂಕ ಪೆಟ್ರೋಲ್, ಆಯಿಲ್ ಎಲ್ಲ ಸೇರಿ 241 ಕೆ.ಜಿ. ಅದರ ಮೇಲೆ 75 ಕೆ.ಜಿ.ಯ ಸವಾರ, ಹಿಂದೆ ಇನ್ನೊಬ್ಬರು, ಪಕ್ಕಕ್ಕೆ ಎರಡು ಬ್ಯಾಗು ಎಂದರೆ 400 ಕೆ.ಜಿ. ಆಯಿತು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಇಂಥ ಗಾಡಿ ಎದುರಿನವರ ಪಾಲಿನ ರಸ್ತೆಗೆ ಹೋದರೆ ಎಲ್ಲರೂ ಬೈಯುವುದು ತೂಕವನ್ನೇ. ತೂಕದ ಪಾಲೂ ಇದೆ ಅನ್ನಿ. ಆದರೆ ತಪ್ಪು ನಡೆದುಹೋಗಿರುವುದು ಬಹುಮಟ್ಟಿಗೆ ತಿರುವಿಗಿಂತ ಇಪ್ಪತ್ತು ಮೀಟರ್ ಹಿಂದೆ, ಬ್ರೇಕ್ ಹಿಡಿಯಬೇಕಿದ್ದ ಜಾಗದಲ್ಲಿ.

ಲೆಕ್ಕ ಹಾಕಿ ನೋಡಿ. 10 ಮೀಟರ್ ತ್ರಿಜ್ಯದ, ಬಂದ ದಿಕ್ಕಿಗೇ ಹಿಂದಿರುಗಿಸುವ ಒಂದು ಹೇರ್‌ಪಿನ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ತಿರುಗಿಸಿದರೆ ಬೈಕ್ 17-18 ಡಿಗ್ರಿ ವಾಲಬೇಕಾಗುತ್ತದೆ. 25 ಕಿ.ಮೀ.ಗೆ 26 ಡಿಗ್ರಿ. 30ಕ್ಕೆ 35 ಡಿಗ್ರಿ. ಸ್ಪೀಡೋಮೀಟರಿನಲ್ಲಿ ಕಣ್ಣಿಗೂ ಕಾಣದಂಥ ಹತ್ತು ಕಿ.ಮೀ. ವ್ಯತ್ಯಾಸಕ್ಕೆ ವಾಲುವ ಕೋನ ಇಮ್ಮಡಿ! ಈ ಲೆಕ್ಕದಲ್ಲಿ ಗಾಡಿಯ ತೂಕ ಎಲ್ಲೂ ಬರುವುದಿಲ್ಲ. 110 ಸಿಸಿ ಸ್ಕೂಟರಿಗೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ. ಕ್ರೂಸರಿನ ಕಷ್ಟ ಬೇರೆ. ನೆಲಕ್ಕೂ ಸೂಪರ್ ಮೀಟಿಯರಿನ ಹೊಟ್ಟೆಗೂ ನಡುವೆ ಇರುವುದು ಬರೀ 135 ಮಿ.ಮೀ., ಕಾಲಿಡುವ ಫುಟ್‌ಪೆಗ್ ಮುಂದಕ್ಕೂ ಕೆಳಕ್ಕೂ ಇರುತ್ತದೆ. 35 ಡಿಗ್ರಿ ಮುಟ್ಟುವಷ್ಟರಲ್ಲಿ ಬಹುತೇಕ ಕ್ರೂಸರುಗಳ ಪೆಗ್ ರಸ್ತೆ ಕೆರೆಯುತ್ತಿರುತ್ತದೆ. ತೂಕ ಕಾಡುವುದು ಮೂರು ಕಡೆ: ಒಂದು ಬದಿಯಿಂದ ಇನ್ನೊಂದು ಬದಿಗೆ ಬೇಗ ಮಲಗಿಸಲು ಆಗುವುದಿಲ್ಲ, ಇಳಿಜಾರಿನಲ್ಲಿ ಬ್ರೇಕ್ ಬೇಗ ಕಾಯುತ್ತದೆ, ನಡೆದಾಡುವ ವೇಗದಲ್ಲಿ ಒಮ್ಮೆ ವಾಲಿತೆಂದರೆ ಕಾಲು ಕೊಟ್ಟು ತಡೆಯುವುದು ಕಷ್ಟ.

ತರಬೇತಿಗೆ ಇಳಿಯುವ ಮೊದಲು ಗಾಡಿ ನೋಡಿಕೊಳ್ಳಿ. ಸವಾರನ ತಪ್ಪು ಅಂದುಕೊಂಡದ್ದು ಎಷ್ಟೋ ಸಲ ಟೈರಿನ ತಪ್ಪಾಗಿರುತ್ತದೆ. ತುಮಕೂರು ರಸ್ತೆಯಲ್ಲಿ ನೇರ ಓಡಿ ಓಡಿ ಹಿಂದಿನ ಟೈರಿನ ನಡುಭಾಗ ಚಪ್ಪಟೆಯಾಗಿದ್ದರೆ, ಬೈಕ್ ಮೊದಲು ಮಲಗಲು ಒಲ್ಲೆ ಅನ್ನುತ್ತದೆ, ಆಮೇಲೆ ಅಂಚು ದಾಟಿದ ಕೂಡಲೇ ಧೊಪ್ಪನೆ ವಾಲುತ್ತದೆ. ಆ ಟೈರಿನಲ್ಲಿ ಏನು ಕಲಿತರೂ ತಪ್ಪು ಪಾಠವೇ. ಗಾಳಿಯನ್ನು ಬೆಳಗ್ಗೆ, ಟೈರ್ ತಣ್ಣಗಿರುವಾಗ, ಮ್ಯಾನ್ಯುಯಲ್‌ನಲ್ಲಿ ಕೊಟ್ಟಷ್ಟೇ ಹಾಕಿಸಿ; ಮುಂದೆ ಐದಾರು ಪಿಎಸ್ಐ ಕಮ್ಮಿಯಾದರೂ ಹ್ಯಾಂಡಲ್ ಹಿಟ್ಟು ಕಲಸಿದ ಹಾಗೆ ಭಾರವಾಗುತ್ತದೆ. ಇನ್ನು ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್. ಮುಂದಿನ ಚಕ್ರ ನೆಲ ಬಿಡುವ ಹಾಗೆ ಜ್ಯಾಕ್ ಕೊಟ್ಟು, ಒಂದೇ ಬೆರಳಿನಲ್ಲಿ ಹ್ಯಾಂಡಲನ್ನು ನಿಧಾನ ಈ ಕಡೆಯಿಂದ ಆ ಕಡೆಗೆ ತಿರುಗಿಸಿ. ನೇರಕ್ಕೆ ಬಂದಾಗ ಗುಳಿಯಲ್ಲಿ ಕೂತ ಹಾಗೆ ಕಟ್ ಅಂತ ನಿಂತರೆ ಬೇರಿಂಗ್ ಹೋಗಿದೆ ಎಂದೇ ಅರ್ಥ. ಹಿಂದೆ ಜನ ಕೂರಿಸಿಕೊಂಡು ಹೋಗುವವರು ಸಿ-ಸ್ಪ್ಯಾನರ್ ತೆಗೆದುಕೊಂಡು ಹಿಂದಿನ ಶಾಕ್‌ನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಒಂದೆರಡು ಹಂತ ಏರಿಸಲಿ. ಇಲ್ಲದಿದ್ದರೆ ಹಿಂಭಾಗ ಕುಸಿದು ಪೆಗ್ ಮತ್ತು ಸ್ಟ್ಯಾಂಡು ಇನ್ನೂ ಬೇಗ ನೆಲ ಮುಟ್ಟುತ್ತವೆ, ಮುಂದಿನ ಚಕ್ರದ ಮೇಲೆ ಭಾರ ಕಮ್ಮಿಯಾಗಿ ಗಾಡಿ ತಿರುವಿನ ಹೊರಗೆ ಎಳೆಯುತ್ತದೆ.

ಈಗ ಮೈದಾನ. ಘಾಟಿಗೆ ಹೋಗಿ ಕಲಿಯುತ್ತೇನೆ ಅನ್ನುವವರು ಕಲಿಯುವುದು ಹೆದರಿಕೆಯನ್ನು ಮಾತ್ರ. ಭಾನುವಾರ ಬೆಳಗ್ಗೆ ಖಾಲಿ ಇರುವ, ಮರಳಿಲ್ಲದ ಕಾಂಕ್ರೀಟ್ ಪಾರ್ಕಿಂಗ್ ಜಾಗ ಸಾಕು, ಮಾಲೀಕರ ಅನುಮತಿ ಕೇಳಿಕೊಂಡು. ಕೋನ್ ಬದಲು ಟೆನಿಸ್ ಚೆಂಡು ಅರ್ಧ ಕತ್ತರಿಸಿ ಮಗುಚಿಡಿ. ಮೇಲೆ ಹತ್ತಿದರೂ ಏನೂ ಆಗುವುದಿಲ್ಲ. ಎರಡು ಗುರುತು 30 ಅಡಿ ದೂರಕ್ಕಿಟ್ಟು ಅವುಗಳ ಸುತ್ತ ಇಂಗ್ಲಿಷಿನ ಎಂಟು ಬಿಡಿಸುವುದು ಮೊದಲ ಪಾಠ. ಮೊದಲ ಗೇರ್, ಎಕ್ಸಲರೇಟರ್ ಐಡಲ್‌ಗಿಂತ ಸ್ವಲ್ಪ ಮೇಲೆ ಒಂದೇ ಸಮ, ಕ್ಲಚ್ ಅರ್ಧ ಕಚ್ಚಿರಬೇಕು, ಹಿಂದಿನ ಬ್ರೇಕಿನ ಮೇಲೆ ಪಾದದ ಸಣ್ಣ ಒತ್ತಡ. ವೇಗ ಹೆಚ್ಚುಕಮ್ಮಿ ಮಾಡುವುದೆಲ್ಲ ಆ ಪಾದ ಮತ್ತು ಕ್ಲಚ್ಚಿನಿಂದ, ಎಕ್ಸಲರೇಟರಿನಿಂದ ಅಲ್ಲ. ಎಂಜಿನ್ ಎಳೆಯುತ್ತಿರುವಾಗ ಹಿಂದಿನ ಬ್ರೇಕ್ ಹಿಡಿದಿಟ್ಟರೆ ಚೈನಿನ ಸಡಿಲ ಹೋಗಿ ಗಾಡಿ ಜರ್ಕ್ ಹೊಡೆಯದೆ ಬಿಗಿಯಾಗಿ ನಿಲ್ಲುತ್ತದೆ. ಈ ನಿಧಾನ ವೇಗದಲ್ಲಿ ಮಾತ್ರ ಬೈಕ್ ಒಳಕ್ಕೆ ವಾಲಲಿ, ಮೈ ನೆಟ್ಟಗೆ ಅಥವಾ ಹೊರಗಿನ ಪೆಗ್ ಕಡೆಗೆ ಇರಲಿ.

ಕಣ್ಣು ಎಲ್ಲಿ? ಮುಂದಿನ ಚಕ್ರದ ಮೇಲೂ ಅಲ್ಲ, ಈಗ ಸುತ್ತುತ್ತಿರುವ ಚೆಂಡಿನ ಮೇಲೂ ಅಲ್ಲ, ಹೆಗಲಿನ ಮೇಲಿಂದ ಮುಂದಿನ ಚೆಂಡಿನತ್ತ. ಗದ್ದ ಹೆಗಲಿಗೆ ತಾಗುವಷ್ಟು ತಲೆ ತಿರುಗಬೇಕು. ಚೆಂಡನ್ನು ದಿಟ್ಟಿಸಿದವರು ಹತ್ತರಲ್ಲಿ ಒಂಬತ್ತು ಸಲ ಅದರ ಮೇಲೇ ಹತ್ತಿಸುತ್ತಾರೆ. 30 ಅಡಿಯಲ್ಲಿ ಕಾಲು ಕೊಡದೆ ಹತ್ತು ಸುತ್ತು ಆದಮೇಲೆ 27 ಅಡಿ, ಆಮೇಲೆ 24.

ಇಲ್ಲಿ ಬೀಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹ್ಯಾಂಡಲ್ ತಿರುಗಿಸಿದಾಗ ಬಲಗೈ ಬೆರಳು ಮುಂದಿನ ಬ್ರೇಕ್ ಹಿಂಡಿಬಿಡುತ್ತದೆ. ಫೋರ್ಕ್ (ಮುಂದಿನ ಶಾಕ್) ಕುಸಿಯುತ್ತದೆ, ಚಕ್ರ ಓರೆಯಾಗಿರುವುದರಿಂದ ಗಾಡಿ ನಿಲ್ಲುವ ಬದಲು ಒಳಬದಿಗೆ ಉರುಳುತ್ತದೆ, ಎಲ್ಲ ಅರ್ಧ ಸೆಕೆಂಡಿನಲ್ಲಿ. ಮೊದಲ ದಿನ ನಾಲ್ಕೂ ಬೆರಳನ್ನು ಗ್ರಿಪ್‌ಗೆ ಸುತ್ತಿಯೇ ಓಡಿಸಿ. ಬಿದ್ದರೆ ಹಿಡಿಯಲು ಹೋಗಬೇಡಿ, ಕಾಲು ತೆಗೆದು ದೂರ ಸರಿಯಿರಿ. ಎತ್ತುವುದಕ್ಕೂ ಕ್ರಮವಿದೆ: ಎಂಜಿನ್ ಆಫ್, ಗೇರಿನಲ್ಲಿರಲಿ, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಹೊರಕ್ಕೆ ಚಾಚಿಡಿ. ಸೀಟಿಗೆ ಬೆನ್ನು ಮಾಡಿ ಸೊಂಟ ಒತ್ತಿ, ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಸೀಟಿನ ಹಿಂದಿನ ಹಿಡಿಕೆಗೆ. ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು ಹಿಂದಕ್ಕೆ ನಡೆಯಿರಿ. ಬಗ್ಗಿ ಎಳೆದರೆ ಸೊಂಟ ಹೋಗುತ್ತದೆ, ಗಾಡಿ ಏಳುವುದಿಲ್ಲ.

ಬ್ರೇಕ್ ಪಾಠಕ್ಕೆ ನೇರ ಜಾಗ ಬೇಕು. 40 ಕಿ.ಮೀ.ನಲ್ಲಿ ಬಂದು ಗುರುತಿನ ಬಳಿ ಹಿಡಿಯಿರಿ, ಮುಂದಿನ ಬ್ರೇಕ್ ಮೊದಲು ಮೆತ್ತಗೆ, ಫೋರ್ಕ್ ಕೂತ ಮೇಲೆ ಗಟ್ಟಿಯಾಗಿ. ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿದರೆ ಹತ್ತು-ಹನ್ನೊಂದು ಮೀಟರಿನಲ್ಲಿ ನಿಲ್ಲಬೇಕು. ಅದೇ ಹಿಡಿತಕ್ಕೆ 60ರಲ್ಲಿ 23-24 ಮೀಟರ್ ಬೇಕು. ಇದರ ಮೇಲೆ ಯೋಚಿಸಲು ಹಿಡಿದ ಒಂದು ಸೆಕೆಂಡು: 60ರಲ್ಲಿ ಅದೊಂದೇ 16-17 ಮೀಟರ್. ಘಾಟಿಯಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು ಅನ್ನುವ ಉಪದೇಶ ಇನ್ನೂ ಓಡಾಡುತ್ತಿದೆ. ಅದನ್ನು ನಂಬಿ ಬರೀ ಹಿಂದಿನ ಬ್ರೇಕ್ ತುಳಿದುಕೊಂಡೇ ಇಳಿದವರ ಡಿಸ್ಕ್ ಅರ್ಧ ಘಾಟಿಯಲ್ಲೇ ಕಾದು, ಪೆಡಲ್ ಮೆತ್ತಗಾಗುತ್ತದೆ. ತಿರುವಿನ ಮುಂಚೆ, ಬೈಕ್ ನೆಟ್ಟಗಿರುವಾಗ, ಮುಖ್ಯ ಕೆಲಸ ಮುಂದಿನ ಬ್ರೇಕಿನದೇ. ಬಿಡುವಾಗ ಫಕ್ಕನೆ ಬಿಡಬಾರದು ಅಷ್ಟೇ. ಬಿಟ್ಟರೆ ಫೋರ್ಕ್ ಮೇಲೆದ್ದು, ಸರಿಯಾಗಿ ಮಲಗಿಸಬೇಕಾದ ಹೊತ್ತಿಗೇ ಗಾಡಿ ಅಗಲಕ್ಕೆ ಹೋಗುತ್ತದೆ.

ಮಲಗಿಸುವುದು ಹೇಗೆ ಅನ್ನುವುದರಲ್ಲೂ ಗೊಂದಲವಿದೆ. ನಡಿಗೆಯ ವೇಗ ದಾಟಿದ ಮೇಲೆ ಬೈಕ್ ಎಡಕ್ಕೆ ವಾಲಬೇಕಾದರೆ ಎಡ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು. ಕೇಳಲು ಉಲ್ಟಾ, ಆದರೆ 40 ಕಿ.ಮೀ.ನಲ್ಲಿ ಎಡ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಮೈ ಬಾಗಿಸಿ ಕ್ರೂಸರನ್ನು ವಾಲಿಸಲು ಹೋದವರು ಅರ್ಧ ತಿರುವು ಕಾಯುತ್ತಾರೆ. ಮೊಣಕೈ ಸ್ವಲ್ಪ ಮಡಚಿ, ಮೊಣಕಾಲಿನಲ್ಲಿ ಟ್ಯಾಂಕ್ ಹಿಡಿದಿರಿ. ಮೊಣಕೈ ಸೆಟೆದಿದ್ದರೆ ಒಂದು ಕೈ ಒತ್ತಿದ್ದನ್ನು ಇನ್ನೊಂದು ಕೈ ತಡೆಯುತ್ತದೆ. ಗಾಡಿ ತಿರುಗುತ್ತಿಲ್ಲ ಎಂದು ದೂರುವವರ ಕೈಗಳನ್ನು ಗಮನಿಸಿ, ಸಾಮಾನ್ಯವಾಗಿ ಇದೇ ಜಗಳ ನಡೆಯುತ್ತಿರುತ್ತದೆ.

ದುಡ್ಡು ಕೊಟ್ಟು ಕಲಿಯುವ ಮನಸ್ಸಿದ್ದರೆ ಟ್ರ್ಯಾಕ್ ತರಬೇತಿಯೂ ಇದೆ. ಕೀತ್ ಕೋಡ್ 1980ರಲ್ಲಿ ಶುರುಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಶಿಬಿರಗಳನ್ನು ನಡೆಸಿದೆ. ಮೊದಲ ಹಂತದಲ್ಲಿ ಹೇಳಿಕೊಡುವುದು ಐದು ವಿಷಯ: ಎಕ್ಸಲರೇಟರ್ ಹಿಡಿತ, ತಿರುಗಿಸುವ ಜಾಗ ಮೊದಲೇ ಗೊತ್ತುಮಾಡಿಕೊಳ್ಳುವುದು, ಚುರುಕಾಗಿ ಮಲಗಿಸುವುದು, ಕೈ ಸಡಿಲ ಬಿಡುವುದು, ತಿರುಗಿಸುವ ಮುಂಚೆಯೇ ಒಳಗಿನ ಗುರಿಯತ್ತ ಕಣ್ಣು ಹಾಯಿಸುವುದು. ಐದೂ ಕ್ರೂಸರಿಗೆ ಹೊಂದುತ್ತವೆ. ಹೊಂದದೇ ಇರುವುದು ಟ್ರ್ಯಾಕಿನ ಲೈನ್, ಅಂದರೆ ತಿರುವಿನಲ್ಲಿ ಚಕ್ರ ಹಿಡಿಯುವ ದಾರಿ. ಅಲ್ಲಿ ಪೂರ್ತಿ ಅಗಲ ನಮ್ಮದು, ಎದುರಿಗೆ ಬಸ್ಸು ಬರುವುದಿಲ್ಲ. 5.5 ಮೀಟರಿನ ಘಾಟಿ ರಸ್ತೆಯಲ್ಲಿ ನಮ್ಮ ಪಾಲು 2.75 ಮೀಟರ್, ಆಟ ಏನಿದ್ದರೂ ಅಷ್ಟರೊಳಗೆ. ಮಂಡಿ ನೆಲಕ್ಕೆ ತಾಗಿಸುವ ಫೋಟೋದ ಹುಚ್ಚನ್ನು ಟ್ರ್ಯಾಕಿನಲ್ಲೇ ಬಿಟ್ಟು ಬರಬೇಕು.

ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ಎಡ ಹೇರ್‌ಪಿನ್‌ನದೇ ಸಣ್ಣ ತ್ರಿಜ್ಯ, ಭಾರದ ಬೈಕು ಬೀಳುವುದೂ ಹೆಚ್ಚಾಗಿ ಅಲ್ಲೇ, ಅದೂ ಹತ್ತುವಾಗ. ನಡೆಯುವುದು ಹೀಗೆ: ಎರಡನೇ ಗೇರಿನಲ್ಲೇ ನುಗ್ಗುತ್ತಾರೆ, ಒಳಗಿನ ಅಂಚಿಗೆ ಅಂಟಿಕೊಂಡೇ ತಿರುಗಿಸುತ್ತಾರೆ. ಒಳ ಅಂಚಿನಲ್ಲೇ ಏರು ಅತಿ ಕಡಿದು. ಎಂಜಿನ್ ಕೊಸರಾಡುತ್ತದೆ, ಕ್ಲಚ್ ಹಿಡಿಯುತ್ತಾರೆ, ಎಳೆತ ನಿಂತ ಕೂಡಲೇ ವಾಲಿದ ಗಾಡಿ ಎಡಕ್ಕೆ ಮಲಗುತ್ತದೆ. ಕಾಲು ಚಾಚಿದರೆ ಇಳಿಜಾರಿನಲ್ಲಿ ನೆಲವೇ ಸಿಗುವುದಿಲ್ಲ. ಇದಕ್ಕೆ ಮದ್ದು: ತಿರುವಿಗೆ ಮುಂಚೆಯೇ ಮೊದಲ ಗೇರಿಗೆ ಇಳಿಸಿ. ಮೇಲಿನಿಂದ ಏನು ಬರುತ್ತಿದೆ ನೋಡಿ, ಹಾರ್ನ್ ಹಾಕಿ. ರಸ್ತೆ ನಡುಗೆರೆಯ ಹತ್ತಿರದಿಂದ ಒಳಬಂದು, ಆ ಕಡೆಯ ರಸ್ತೆ ಪೂರ್ತಿ ಕಾಣುವವರೆಗೂ ತಿರುಗಿಸದೆ ತಡೆಯಿರಿ. ತಿರುಗಿಸಿದ ಮೇಲೆ ಎಕ್ಸಲರೇಟರ್ ಸಣ್ಣದಾಗಿ ತೆರೆದೇ ಇರಲಿ. ಬಸ್ಸು ಬರುತ್ತಿದ್ದರೆ ತಿರುವಿನ ಮುಂಚೆಯೇ, ಗಾಡಿ ನೆಟ್ಟಗಿರುವಾಗ, ಎಡಕ್ಕೆ ನಿಲ್ಲಿಸಿ. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ನಿಯಮ. ಆದರೆ ಬಸ್ಸಿಗೆ ಹೇರ್‌ಪಿನ್‌ನಲ್ಲಿ ರಸ್ತೆ ಪೂರ್ತಿ ಬೇಕು, ನಿಯಮ ಹಿಡಿದು ವಾದಿಸುವ ಜಾಗ ಅದಲ್ಲ.

ಬಲ ತಿರುವಿನ ಅಪಾಯ ಬೇರೆ. ಚಕ್ರ ನಮ್ಮ ಪಾಲಿನಲ್ಲೇ ಇರುತ್ತದೆ, ವಾಲಿದ ತಲೆ ಮತ್ತು ಹೆಗಲು ಮಾತ್ರ ಗೆರೆಯ ಆಚೆ ಚಾಚಿರುತ್ತವೆ. ಚಕ್ರವನ್ನು ಗೆರೆಯಿಂದ ಒಂದು ಮೀಟರಾದರೂ ಎಡಕ್ಕಿಡಿ.

ಅಗಲದ ತಿರುವುಗಳಲ್ಲಿ ರಸ್ತೆಯ ಎರಡೂ ಅಂಚು ಕೂಡಿದಂತೆ ಕಾಣುವ ಕೊನೆಯ ಬಿಂದುವನ್ನು ನೋಡುತ್ತಿರಿ. ಅದು ಮುಂದೆ ಮುಂದೆ ಓಡುತ್ತಿದ್ದರೆ ತಿರುವು ಬಿಡಿಸಿಕೊಳ್ಳುತ್ತಿದೆ. ನಿಮ್ಮ ಕಡೆಗೇ ಬರುತ್ತಿದ್ದರೆ ತಿರುವು ಬಿಗಿಯುತ್ತಿದೆ, ವೇಗ ಇಳಿಸಿ. ಆದರೂ ವೇಗ ಜಾಸ್ತಿಯಾಗಿಯೇ ಒಳಗೆ ಹೋದಿರಾ? ಎಕ್ಸಲರೇಟರ್ ಪೂರ್ತಿ ಮುಚ್ಚಬೇಡಿ, ಪ್ರಪಾತದ ಕಡೆಯ ತಡೆಗೋಡೆ ನೋಡಬೇಡಿ. ಕಣ್ಣು ತಿರುವಿನಿಂದ ಹೊರಬರುವ ದಾರಿಗೆ, ಒಳಗಿನ ಹ್ಯಾಂಡಲ್ ಇನ್ನಷ್ಟು ಒತ್ತಿ. ಪೆಗ್ ಕೆರೆದ ಸದ್ದಿಗೆ ಬೆಚ್ಚಿ ಗಾಡಿ ಎತ್ತಿದರೆ ನೇರ ಎದುರಿನವರ ಪಾಲಿಗೆ ಹೋಗುತ್ತೀರಿ. ಪೆಗ್ ಮೇಲಕ್ಕೆ ಮಡಚಿಕೊಳ್ಳುತ್ತದೆ, ಅದು ಎಚ್ಚರಿಕೆ ಅಷ್ಟೇ. ಮಡಚದೇ ಇರುವುದು ಸೈಲೆನ್ಸರ್ ಮತ್ತು ಹೊರಗಿನಿಂದ ಹಾಕಿಸಿದ ಅಗಲದ ಲೆಗ್ ಗಾರ್ಡ್. ಅವು ನೆಲಕ್ಕೆ ಊರಿದರೆ ಹಿಂದಿನ ಚಕ್ರವೇ ಮೇಲೇಳುತ್ತದೆ.

ರಸ್ತೆಯ ಮೇಲೆ ಏನಿದೆ ಅನ್ನುವುದು ಊರಿಗೊಂದು ಥರ. ಮಲೆನಾಡಿನಲ್ಲಿ ಮಳೆ ನಿಂತ ಮೇಲೂ ಬಿಸಿಲು ಬೀಳದ ತಿರುವುಗಳಲ್ಲಿ ಪಾಚಿ ಇರುತ್ತದೆ. ಹೇರ್‌ಪಿನ್‌ಗಳಲ್ಲಿ ತುಂಬಿದ ಟ್ಯಾಂಕಿನ ಲಾರಿಗಳು ಚೆಲ್ಲಿದ ಡೀಸೆಲ್. ಮಳೆಯಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಅದೇ. ಹಳೇ ಮೈಸೂರಿನ ಕಡೆ ಸುಗ್ಗಿಯಲ್ಲಿ ರಸ್ತೆಯನ್ನೇ ಕಣ ಮಾಡಿ ಹುರುಳಿ, ರಾಗಿ ಹರವಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿಯುವ ಹಾಗಿಲ್ಲ, ವಾಲಿಸುವ ಹಾಗೂ ಇಲ್ಲ. ಮುಂಚೆಯೇ ನಿಧಾನ ಮಾಡಿ ನೆಟ್ಟಗೆ ದಾಟಿ.

ಇಷ್ಟಾದ ಮೇಲೆ ಆಗುಂಬೆ. 14 ಹೇರ್‌ಪಿನ್, ದೊಡ್ಡ ಲಾರಿಗಳ ಕಾಟ ಇಲ್ಲ. ವಾರದ ದಿನ ಬೆಳಗ್ಗೆ ಮಂಜು ಕರಗಿದ ಮೇಲೆ, ಒಬ್ಬರೇ, ಬ್ಯಾಗಿಲ್ಲದೆ, ಘಾಟಿಯ ಬುಡದ ಸೋಮೇಶ್ವರದಿಂದ ಹತ್ತಿ. ಒಂದು ಸಲಕ್ಕೆ ಒಂದೇ ವಿಷಯ: ಮೊದಲ ಸಲ ಹತ್ತುವಾಗ ಒಳಹೋಗುವ ವೇಗ ಮಾತ್ರ, ಎರಡನೇ ಸಲ ಕಣ್ಣು ಮಾತ್ರ, ಮೂರನೇ ಸಲ ತಡವಾಗಿ ತಿರುಗಿಸುವುದು ಮಾತ್ರ. ಗ್ರಿಪ್ ಹಿಡಿದ ಅಂಗೈ ನೋಯಲು ಶುರುವಾದರೆ ಕೈ ಬಿಗಿಯಾಗಿದೆ ಎಂದು ಲೆಕ್ಕ. ಇಳಿದು ಬಂದು ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ, ಚಹಾ ಕುಡಿದು, ಬಾಕಿ ನಾಳೆಗಿಟ್ಟುಕೊಳ್ಳಿ.