ಕ್ರೀಮ್ ಬಣ್ಣದ ಅಡುಗೆಮನೆಗೆ ಯಾವ ಟೈಲ್ಸ್ ಹಾಕಿಸಲಿ?

ಈ ಪ್ರಶ್ನೆ ನನಗೆ ಯಾವಾಗಲೂ ಫೋಟೋ ಸಮೇತ ಬರುತ್ತದೆ. ಕ್ರೀಮ್ ಬಣ್ಣದ ಕಬೋರ್ಡು, ತಿಳಿ ಕಂದು ಕಲ್ಲಿನ ಕಟ್ಟೆ, ಮರದ ಬಣ್ಣದ ನೆಲ. ಕಟ್ಟೆಗೂ ಮೇಲಿನ ಕಬೋರ್ಡಿಗೂ ನಡುವೆ ಬೋಳು ಗೋಡೆ. ಕೆಳಗೆ ಒಂದೇ ಸಾಲು: "ಇದಕ್ಕೆ ಯಾವ ಟೈಲ್ಸ್ ಚೆನ್ನಾಗಿ ಕಾಣುತ್ತೆ, ಬೇಗ ಹೇಳಿ, ಮೇಸ್ತ್ರಿ ನಾಳೆ ಬರ್ತಿದ್ದಾರೆ."

ಅಡುಗೆಮನೆ ವಿನ್ಯಾಸ ನನ್ನ ಕಸುಬು, ಆದ್ದರಿಂದ ನನ್ನನ್ನು ಕೇಳುವುದರಲ್ಲಿ ತಪ್ಪಿಲ್ಲ. ಮದುವೆ ಮನೆಯಲ್ಲಿ ಕೇಳಿದ್ದಾರೆ, ಆಸ್ಪತ್ರೆಯ ವೆಯ್ಟಿಂಗ್ ರೂಮಿನಲ್ಲಿ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲನೆಯದಾಗಿ, ಫೋಟೋ ನೋಡಿ ಹೇಳಲು ಆಗುವುದಿಲ್ಲ. ಮೊಬೈಲ್ ಕ್ಯಾಮೆರಾ ಇರುವ ಬೆಳಕನ್ನು ತಾನೇ ಅಳೆದು, ಹಳದಿ ಜಾಸ್ತಿ ಅನ್ನಿಸಿದರೆ ಇಳಿಸಿ, ನೀಲಿ ಜಾಸ್ತಿ ಅನ್ನಿಸಿದರೆ ತಗ್ಗಿಸಿ, ಚಿತ್ರವನ್ನು ತನಗೆ ಸರಿ ಕಂಡಂತೆ ತಿದ್ದಿ ಕೊಡುತ್ತದೆ. ನಿಮ್ಮ ಅಡುಗೆಮನೆಯಲ್ಲಿ ನಾವು ಚರ್ಚೆ ಮಾಡಬೇಕಾದ ವಿಷಯವೇ ಆ ಚೂರು ಹಳದಿ, ಆ ಚೂರು ನೀಲಿ. ಅದನ್ನೇ ಅಳಿಸಿದ ಚಿತ್ರ ಕಳಿಸಿ ಬಣ್ಣ ಹೇಳಿ ಎಂದರೆ ಹೇಗೆ ಹೇಳಲಿ?

ಅದಕ್ಕಿಂತ ಹೆಚ್ಚು ಕೆರಳಿಸುವುದು ಪ್ರಶ್ನೆಯ ಬಾಲಕ್ಕೆ ಅಂಟಿಕೊಂಡು ಬರುವ ಮಾತು. "ಎಲ್ಲಾ ನ್ಯೂಟ್ರಲ್ ಕಲರ್ ತಾನೇ, ಏನು ಹಾಕಿದ್ರೂ ಹೊಂದಿಕೊಳ್ಳುತ್ತೆ ಅಲ್ವಾ?"

ಇಲ್ಲ. ಹೊಂದಿಕೊಳ್ಳುವುದಿಲ್ಲ. ಬೇರೆಲ್ಲ ಅಡುಗೆಮನೆಗಳಿಗಿಂತ ಇಲ್ಲೇ ಹೊಂದಿಸುವುದು ಕಷ್ಟ. ಕಡುನೀಲಿ ಕಬೋರ್ಡಿನ ಪಕ್ಕ ಬಿಳಿ ಟೈಲ್ ಇದ್ದರೆ ಯಾರೂ ಎರಡನೇ ಸಲ ನೋಡುವುದಿಲ್ಲ, ಬೇಕೆಂದೇ ಹಾಗೆ ಮಾಡಿಸಿದ್ದಾರೆ ಎಂದು ಕಣ್ಣು ಒಪ್ಪಿಕೊಳ್ಳುತ್ತದೆ. ಒಂದು ಕ್ರೀಮಿನ ಪಕ್ಕ ಇನ್ನೊಂದು ಕ್ರೀಮ್ ಬಂದು, ಎರಡರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೆ ಮಾತ್ರ, ತರಲು ಹೋಗಿ ಸಿಗದೆ ಬೇರೆ ತಂದರೇನೋ ಅನ್ನಿಸುತ್ತದೆ. ಬಣ್ಣಗಳು ಸೌಮ್ಯವಾಗಿದ್ದಷ್ಟೂ ಸಣ್ಣ ತಪ್ಪು ದೊಡ್ಡದಾಗಿ ಕಾಣುತ್ತದೆ.

ಬೇಜ್ ಎಂದು ನಾವು ಕರೆಯುವುದು ಒಂದು ಬಣ್ಣವಲ್ಲ. ಒಂದು ಹಳದಿಯತ್ತ ವಾಲಿರುತ್ತದೆ, ಒಂದು ಗುಲಾಬಿಯತ್ತ, ಇನ್ನೊಂದು ಹಸಿರಿನತ್ತ. ಒಂಟಿಯಾಗಿ ನೋಡಿದರೆ ಮೂರೂ ಬಿಸ್ಕತ್ತು ಬಣ್ಣವೇ. ಅಕ್ಕಪಕ್ಕ ಇಟ್ಟಾಗ ಜಗಳ ಶುರುವಾಗುತ್ತದೆ. ಯಾವುದು ಎತ್ತ ವಾಲಿದೆ ಎಂದು ತಿಳಿಯಲು ಉಪಕರಣ ಬೇಡ, ಪ್ರಿಂಟರ್‌ಗೆ ಹಾಕುವ ಬಿಳಿ ಹಾಳೆ ಸಾಕು. ಕಟ್ಟೆಯ ಕಲ್ಲಿನ ಮೇಲೆ ಆ ಹಾಳೆ ಇಟ್ಟು, ಅಂಚಿನಲ್ಲಿ ಕಾಣುವ ಕಲ್ಲನ್ನು ನೋಡಿ. ಇಷ್ಟು ದಿನ ಬರೀ ಕಂದು ಎಂದುಕೊಂಡಿದ್ದ ಕಲ್ಲು ಥಟ್ಟನೆ ಗುಲಾಬಿ ಎಂದು ಗೊತ್ತಾಗುತ್ತದೆ. ಕಬೋರ್ಡಿಗೂ ಹಾಗೇ ಮಾಡಿ. ಈ ಎರಡು ಉತ್ತರ ಕೈಯಲ್ಲಿಲ್ಲದೆ ಟೈಲ್ಸ್ ಅಂಗಡಿಗೆ ಹೋಗಬೇಡಿ.

ಒಂದು ಮನೆಯ ಕತೆ ಹೇಳುತ್ತೇನೆ. ಅವರ ಅಡುಗೆಮನೆ ನಾನು ಮಾಡಿದ್ದಲ್ಲ, ಪರಿಚಯದವರು ಅಷ್ಟೆ. ಹೊಸ ಕಬೋರ್ಡು, ಒಳ್ಳೆಯ ಕ್ರೀಮ್ ಪೇಂಟು. ಟೈಲ್ಸ್ ಹಾಕಿ ಮುಗಿದ ದಿನ ಫೋನ್ ಬಂತು. "ಪೇಂಟ್ ಮಾಡಿದವನು ಮೋಸ ಮಾಡಿದಾನೆ ಮೇಡಂ, ಕಬೋರ್ಡೆಲ್ಲ ಹಳದಿ ತಿರುಗಿಬಿಟ್ಟಿದೆ." ಹೋಗಿ ನೋಡಿದೆ. ನಿಜವಾಗಿಯೂ ಕಬೋರ್ಡು ಹಳದಿಯೇ, ಹೊಗೆ ಹಿಡಿದ ಗೋಡೆಯ ಹಾಗೆ. ಪೇಂಟರ್ ಮೂಲೆಯಲ್ಲಿ ಖಾಲಿ ಡಬ್ಬ ಹಿಡಿದುಕೊಂಡು ನಿಂತಿದ್ದ. "ನೋಡಿ ಮೇಡಂ, ಅವ್ರು ಹೇಳಿದ್ ನಂಬರ್ರೇ ಇದು, ಡಬ್ಬಾನೂ ಇಟ್ಕೊಂಡಿದೀನಿ" ಎಂದ. ಗೋಡೆಯಲ್ಲಿ ಹಾಲಿಗಿಂತ ಬೆಳ್ಳಗಿನ, ನೀಲಿ ಹೊಡೆಯುವ ಬಿಳಿ ಟೈಲು. ಅಲ್ಲೇ ಬಿದ್ದಿದ್ದ ಟೈಲ್ಸ್ ಬಾಕ್ಸಿನ ರಟ್ಟನ್ನು ಬಿಡಿಸಿ, ಪೇಂಟರ್ ಒಂದು ತುದಿ ನಾನೊಂದು ತುದಿ ಹಿಡಿದು, ಗೋಡೆಗೆ ಅಡ್ಡ ಹಿಡಿದೆವು. ಕಬೋರ್ಡು ಮತ್ತೆ ಕ್ರೀಮ್ ಆಯಿತು. ರಟ್ಟು ತೆಗೆದೆವು, ಹಳದಿ. ಹಿಡಿದೆವು, ಕ್ರೀಮ್. ಮನೆಯವರು ತಾವೇ ಬಂದು ರಟ್ಟು ಹಿಡಿದು, ತೆಗೆದು ನೋಡಿದರು. ಪೇಂಟರ್‌ಗೆ ಬಾಕಿ ದುಡ್ಡು ಅವತ್ತೇ ಸಿಕ್ಕಿತು. ಆ ಗೋಡೆ ಈಗಲೂ ಹಾಗೇ ಇದೆ.

ಇದು ಕಣ್ಣಿನ ದೋಷವಲ್ಲ, ಕಣ್ಣು ಕೆಲಸ ಮಾಡುವ ರೀತಿಯೇ ಹಾಗೆ. 1824ರಲ್ಲಿ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರಲ್ ಮುಂದೆ ಇಂಥದೇ ದೂರು ಬಂದಿತ್ತು. ಕಪ್ಪು ನೂಲಿನಲ್ಲಿ ಕಪ್ಪೇ ಇಲ್ಲ, ಬಣ್ಣ ಹಾಕುವವರು ಸರಿಯಾಗಿ ಹಾಕುತ್ತಿಲ್ಲ ಎಂದು. ಆತ ಪರೀಕ್ಷೆ ಮಾಡಿ ನೋಡಿದರೆ ನೂಲಿನ ಬಣ್ಣದಲ್ಲಿ ಕೊರತೆಯೇ ಇರಲಿಲ್ಲ. ಪಕ್ಕದಲ್ಲಿ ನೀಲಿ, ನೇರಳೆ ನೂಲು ಕೂತಿದ್ದರಿಂದ ಕಪ್ಪು ಮಂಕಾಗಿ ಕಾಣುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂಬ ಆತನ ಅಧ್ಯಯನ 1839ರಲ್ಲಿ ಅಚ್ಚಾಯಿತು. ಅಷ್ಟು ವರ್ಷದ ಹಿಂದೆಯೇ ನೂಲಿನಲ್ಲಿ ಗೊತ್ತಾದ ಸಂಗತಿಗೆ ಟೈಲಿನಲ್ಲಿ ಇವತ್ತಿಗೂ ಪೇಂಟರ್ ಬೈಸಿಕೊಳ್ಳುತ್ತಿದ್ದಾನೆ.

ಹಾಗಾದರೆ ಉತ್ತರ? ಬೆಚ್ಚನೆಯ ಬಣ್ಣದ ಅಡುಗೆಮನೆಗೆ ಬಿಳಿ ಬೇಕೇ ಬೇಕೆಂದರೆ, ಕಬೋರ್ಡಿಗಿಂತ ತುಸು ಮಾತ್ರ ತಿಳಿಯಾದ, ಅದೇ ಕಡೆಗೆ ವಾಲಿದ ಬಿಳಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ಐವರಿ, ಆಫ್ ವೈಟ್ ಎಂದು ಹೇಳುತ್ತಾರೆ, ಹೆಸರು ನಂಬಬೇಡಿ, ಹಾಳೆ ಇಟ್ಟು ನೋಡಿ. ಬಿಳಿ ಬೇಡವಾದರೆ ಧೈರ್ಯವಾಗಿ ದೂರ ಹೋಗಿ: ಸುಟ್ಟ ಮಣ್ಣಿನ ಬಣ್ಣ, ಒಣಗಿದ ಎಲೆಯ ಹಸಿರು, ಗಾಢ ಕಂದು. ಟೈಲ್ ಪೂರ್ತಿ ಸೇರಿಕೊಳ್ಳಬೇಕು, ಇಲ್ಲವೇ ಎದ್ದು ಕಾಣುವ ಹಾಗೆ ಬೇರೆಯಾಗಬೇಕು. ನಡುವೆ ನಿಂತರೆ ಕೆಟ್ಟಿತು. ಕಟ್ಟೆಯ ಕಲ್ಲಿನಲ್ಲಿ ಗೆರೆ, ಚುಕ್ಕೆ, ಅಲೆ ಜೋರಾಗಿದ್ದರೆ ಗೋಡೆ ಸುಮ್ಮನಿರಲಿ. ಕಲ್ಲು ಸಪಾಟಾಗಿದ್ದರೆ ಗೋಡೆಯಲ್ಲಿ ಆಟವಾಡಬಹುದು. ಎರಡೂ ಮಾತಾಡಿದರೆ ಅಡುಗೆ ಮಾಡುವವರಿಗೆ ತಲೆನೋವು.

ಬೆಳಕಿನ ವಿಷಯ ಹೇಳದೆ ಬಣ್ಣದ ಮಾತು ಮುಗಿಯುವುದಿಲ್ಲ. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಎಂಬ ಲೆಕ್ಕ ಇರುತ್ತದೆ. 2700ರಿಂದ 3000 ಇದ್ದರೆ ಹಳದಿ ಬೆಳಕು, 4000 ಇದ್ದರೆ ಹೆಚ್ಚುಕಡಿಮೆ ಬಿಳಿ, 6500 ಇದ್ದರೆ ನೀಲಿ ಛಾಯೆ. ನಿಮ್ಮ ಮನೆಯಲ್ಲಿ 6500ರ ಬಲ್ಬಿದ್ದರೆ ಎಷ್ಟೇ ಚಂದದ ಕ್ರೀಮ್ ಟೈಲೂ ಸಂಜೆ ಬೂದಿ ಬಳಿದಂತೆ ಕಾಣುತ್ತದೆ. ಟೈಲ್ ಬದಲಿಸುವ ಮೊದಲು ಬಲ್ಬು ಬದಲಿಸಿ ನೋಡಿ. ಅದೇ ಡಬ್ಬಿಯ ಮೇಲೆ ಸಿಆರ್‌ಐ ಎಂದು ಇನ್ನೊಂದು ಸಂಖ್ಯೆ ಇರುತ್ತದೆ, ಅದು 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಣ್ಣಗಳು ಇದ್ದದ್ದು ಇದ್ದ ಹಾಗೆ ಕಾಣುತ್ತವೆ. ಒಂದು ಬೆಳಕಿನಲ್ಲಿ ಅವಳಿಯಂತೆ ಕಂಡ ಟೈಲೂ ಕಬೋರ್ಡೂ ಇನ್ನೊಂದು ಬೆಳಕಿನಲ್ಲಿ ಅಪರಿಚಿತರಾಗುವುದುಂಟು. ಅದಕ್ಕೇ ಸ್ಯಾಂಪಲ್ ಟೈಲ್ ಮನೆಗೆ ತನ್ನಿ. ತಂದು ಕಟ್ಟೆಯ ಮೇಲೆ ಮಲಗಿಸಿ ನೋಡಬೇಡಿ, ಗೋಡೆಗೆ ಒರಗಿಸಿ ನಿಲ್ಲಿಸಿ. ಮಲಗಿದ ಟೈಲ್ ಮೇಲಿನಿಂದ ಬೆಳಕು ಹಿಡಿಯುತ್ತದೆ, ಕಬೋರ್ಡಿನ ಕೆಳಗೆ ನಿಂತ ಟೈಲ್ ನೆರಳಿನಲ್ಲಿರುತ್ತದೆ. ಬೆಳಿಗ್ಗೆ ನೋಡಿ, ರಾತ್ರಿ ದೀಪ ಹಾಕಿ ನೋಡಿ. ಕೆಲವು ದಿನ ಅಲ್ಲೇ ಬಿಟ್ಟು ನಿಮ್ಮ ಪಾಡಿಗೆ ಅಡುಗೆ ಮಾಡಿ.

ಇಷ್ಟಾದ ಮೇಲೂ ನನಗೊಂದು ಕೊರಗಿದೆ. ಎಲ್ಲರೂ ಚೆನ್ನಾಗಿ ಕಾಣುವುದರ ಬಗ್ಗೆ ಕೇಳುತ್ತಾರೆ. ಈ ಗೋಡೆಯನ್ನು ಒರೆಸುವವರು ಯಾರು, ಅವರಿಗೆ ಯಾವುದು ಸುಲಭ ಎಂದು ಕೇಳಿದವರು ಬಹಳ ಕಡಿಮೆ. ಆ ಪ್ರಶ್ನೆ ಕೇಳಿ, ಬೇಕಾದರೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಎತ್ತುತ್ತೇನೆ.

ಕಟ್ಟೆಯ ಹಿಂದಿನ ಗೋಡೆಗೆ ಟೈಲ್ ಬಂದದ್ದೇ ಎಣ್ಣೆ, ನೀರು, ಆವಿ ಗೋಡೆಯೊಳಗೆ ಇಳಿಯದಿರಲಿ ಎಂದು. ಎಲ್ಲರೂ ಕೇಳುವ ಆ ಉದ್ದನೆಯ 'ಸಬ್‌ವೇ ಟೈಲ್' ಇದೆಯಲ್ಲ, 3 ಇಂಚು ಅಗಲ 6 ಇಂಚು ಉದ್ದದ್ದು, ಅದಕ್ಕೆ ಆ ಹೆಸರು ಬಂದದ್ದು 1904ರಲ್ಲಿ ಶುರುವಾದ ನ್ಯೂಯಾರ್ಕಿನ ನೆಲದಡಿಯ ರೈಲು ನಿಲ್ದಾಣಗಳಿಂದ. ಅಲ್ಲಿ ಬಿಳಿ ಗ್ಲೇಜ್ (ಗಾಜಿನಂಥ ಲೇಪ) ಇರುವ ಟೈಲ್ ಹಾಕಿದ್ದು ಕತ್ತಲ ಜಾಗದಲ್ಲಿ ಬೆಳಕು ಹರಡಲಿ, ಒರೆಸಿದರೆ ಕೊಳೆ ಹೋಗಲಿ ಎಂಬ ಕಾರಣಕ್ಕೆ. ಆ ಆಕಾರ ನಿಮ್ಮ ಅಡುಗೆಮನೆಗೂ ಒಪ್ಪುತ್ತದೆ, ಆ ಕಡುಬಿಳಿ ಒಪ್ಪಲೇಬೇಕೆಂದಿಲ್ಲ.

ಒರೆಸುವ ಕೈಯ ಲೆಕ್ಕದಲ್ಲಿ ನೋಡಿದರೆ ಹೊಳಪಿನ ಗ್ಲೇಜ್ ಟೈಲಿಗೆ ಸಾಟಿಯಿಲ್ಲ. ಮ್ಯಾಟ್ ಫಿನಿಶ್ ಕಣ್ಣಿಗೆ ಹಿತ, ಆದರೆ ಒರಟು ಮ್ಯಾಟ್ ಆದರೆ ಜಿಡ್ಡು ಬೇಗ ಬಿಡುವುದಿಲ್ಲ, ಒಲೆಯ ಹಿಂದೆ ಅದು ಬೇಡ. ಗ್ಲೇಜ್ ಇಲ್ಲದ ಮಣ್ಣಿನ ಟೈಲ್, ಇಟ್ಟಿಗೆ ಚೂರು ಹಾಕುವುದಾದರೆ ಎಣ್ಣೆ, ನೀರು ಇಳಿಯದಂತೆ ತಡೆಯುವ ಸೀಲರ್ ಹಚ್ಚಲೇಬೇಕು, ಇಲ್ಲದಿದ್ದರೆ ಎಣ್ಣೆ ಕುಡಿದು ಕಲೆ ಉಳಿಯುತ್ತದೆ. ಅಮೃತಶಿಲೆ ಸುಣ್ಣದ ಕಲ್ಲಿನ ಜಾತಿ, ಹುಳಿ ತಗುಲಿದ ಕಡೆ ಹೊಳಪು ತಿಂದುಹೋಗುತ್ತದೆ, ಸೀಲರ್ ಹಚ್ಚಿದರೂ ಅದು ನಿಲ್ಲುವುದಿಲ್ಲ. ಮೊರಾಕೊದ ಜೆಲ್ಲಿಜ್ ಟೈಲ್ ನನಗೆ ಪ್ರಾಣ. ಕೈಯಲ್ಲೇ ಮಾಡಿ, ಕೈಯಲ್ಲೇ ಕತ್ತರಿಸಿ, ಒಂದರ ಹಾಗೆ ಇನ್ನೊಂದಿರದ ಆ ಮೇಲ್ಮೈ ಮೇಲೆ ಹಳದಿ ಬೆಳಕು ಬಿದ್ದಾಗ ಕ್ರೀಮ್ ಅಡುಗೆಮನೆ ಬೆಳಗುತ್ತದೆ. ಆದರೆ ಅಂಚುಗಳು ಏರುಪೇರು, ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒರೆಸುವವರನ್ನು ಒಮ್ಮೆ ಕೇಳಿ ಹಾಕಿಸಿ.

ಪೋರ್ಸಲಿನ್ನೇ ಬೇಕಾ ಎಂದು ಕೇಳುತ್ತಾರೆ. ಪೋರ್ಸಲಿನ್ ತನ್ನ ತೂಕದ 0.5 ಶೇಕಡಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ, ಸಾಮಾನ್ಯ ಗೋಡೆ ಟೈಲು 10 ಶೇಕಡಕ್ಕೂ ಮೀರಿ ಹೀರುತ್ತದೆ. ಆದರೆ ಹೀರುವುದು ಹಿಂಬದಿಯ ಮಣ್ಣು, ಮುಂದಿನ ಗ್ಲೇಜ್ ಅಲ್ಲ. ಈ ಗೋಡೆಯ ಮೇಲೆ ಯಾರೂ ನಡೆಯುವುದಿಲ್ಲ, ಸಾಮಾನ್ಯ ಸೆರಾಮಿಕ್ ಸಾಕು.

ಇನ್ನು ಗ್ರೌಟ್, ಅಂದರೆ ಟೈಲುಗಳ ನಡುವಿನ ಸಂದಿಗೆ ತುಂಬುವ ಮಿಶ್ರಣ. ಟೈಲ್ ಆರಿಸಲು ವಾರಗಟ್ಟಲೆ ತೆಗೆದುಕೊಳ್ಳುವ ಜನ ಗ್ರೌಟ್ ಬಣ್ಣವನ್ನು ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಮೇಸ್ತ್ರಿಯ ಹತ್ತಿರ ಬಿಳಿ ಇರುತ್ತದೆ, ಬಿಳಿ ತುಂಬಿ ಹೋಗುತ್ತಾನೆ. ಸ್ವಲ್ಪ ಸಮಯದಲ್ಲೇ ಒಲೆಯ ಹಿಂದಿನ ಗೆರೆಗಳೆಲ್ಲ ಕಂದು, ಸಿಂಕ್ ಹಿಂದಿನವು ಬೂದು, ಮೂಲೆಯವು ಮಾತ್ರ ಬಿಳಿ. ಟೈಲಿಗಿಂತ ಒಂದು ಛಾಯೆ ಗಾಢವಾದ, ಬೆಚ್ಚನೆಯ ಮರಳಿನ ಬಣ್ಣದ ಗ್ರೌಟ್ ಕೇಳಿ. ಸಿಮೆಂಟ್ ಗ್ರೌಟ್ ಆದರೆ ಒಣಗಿದ ಮೇಲೆ ಸೀಲರ್ ಹಚ್ಚಿಸಿ. ಒಲೆಯ ಹಿಂದಾದರೂ ಎಪಾಕ್ಸಿ ಗ್ರೌಟ್ (ಸಿಮೆಂಟಿನ ಬದಲು ರಾಳದಿಂದ ಮಾಡಿದ್ದು) ಹಾಕಿಸಲು ಸಾಧ್ಯವಾದರೆ ಹಾಕಿಸಿ, ಅದು ಎಣ್ಣೆ ಹೀರುವುದಿಲ್ಲ. ಕೆಲಸ ಗೊತ್ತಿರುವ ಕೈ ಬೇಕು, ಬೇಗ ಗಟ್ಟಿಯಾಗುತ್ತದೆ, ಟೈಲ್ ಮೇಲೆ ಒಣಗಿದರೆ ಕಿತ್ತರೂ ಬರುವುದಿಲ್ಲ. ಗೆರೆ 3 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಮರಳಿಲ್ಲದ ಗ್ರೌಟ್, ಅದಕ್ಕಿಂತ ಅಗಲವಾದರೆ ಮರಳು ಬೆರೆತದ್ದು. ಗೋಡೆಯೂ ಕಟ್ಟೆಯೂ ಸೇರುವ ಮೂಲೆಯಲ್ಲಿ ಗ್ರೌಟ್ ಬೇಡವೇ ಬೇಡ, ಅದೇ ಬಣ್ಣದ, ರಬ್ಬರಿನಂತೆ ಬಾಗುವ ಸಿಲಿಕೋನ್ ತುಂಬಿಸಿ. ಎರಡೂ ಬೇರೆ ಬೇರೆಯಾಗಿ ಅಲುಗುತ್ತವೆ, ಗ್ರೌಟ್ ಅಲ್ಲಿ ಬಿರುಕು ಬಿಡುತ್ತದೆ.

ಖರೀದಿಸುವಾಗ ಬಾಕ್ಸಿನ ಬದಿ ನೋಡಿ, ಶೇಡ್ ಅಥವಾ ಬ್ಯಾಚ್ ನಂಬರ್ ಅಚ್ಚಾಗಿರುತ್ತದೆ. ಒಂದೇ ಹೆಸರಿನ ಟೈಲು ಬೇರೆ ಬೇರೆ ಸಲ ಭಟ್ಟಿಗೆ ಹೋದಾಗ ಬಣ್ಣ ಚೂರು ಬದಲಾಗುತ್ತದೆ, ಕ್ರೀಮಿನಲ್ಲಿ ಅದು ಎದ್ದು ಕಾಣುತ್ತದೆ. ಎಲ್ಲ ಬಾಕ್ಸೂ ಒಂದೇ ನಂಬರ್ ಇರಲಿ, ಲೆಕ್ಕಕ್ಕಿಂತ 10 ಶೇಕಡ ಹೆಚ್ಚು ತನ್ನಿ. ಅಂಟಿಸುವ ಮೊದಲು ಎಲ್ಲ ಬಾಕ್ಸ್ ಬಿಚ್ಚಿ, ಟೈಲ್‌ಗಳನ್ನು ಕಲಸಿ, ನೆಲದ ಮೇಲೆ ಹರಡಿಸಿ ನೋಡಿ. ಸ್ವಿಚ್ ಬೋರ್ಡ್ ಎಲ್ಲಿ ಬರುತ್ತದೆ, ಕತ್ತರಿಸಿದ ತುಂಡು ಯಾವ ತುದಿಗೆ ಹೋಗುತ್ತದೆ ಎಂದು ಆಗಲೇ ಮೇಸ್ತ್ರಿಯ ಜೊತೆ ಕೂತು ತೀರ್ಮಾನ ಮಾಡಿ, ತೀರಾ ಕಿರಿದಾದ ಪಟ್ಟಿ ಕಿಟಕಿಯ ಪಕ್ಕ ಬರದ ಹಾಗೆ. ಉಳಿದ ಟೈಲ್‌ಗಳನ್ನು ಬಾಕ್ಸ್ ಸಮೇತ ಅಟ್ಟಕ್ಕೆ ಹಾಕಿ. ಮುಂದೆ ಎಂದಾದರೂ ನಲ್ಲಿ ಬದಲಿಸಲು ಬಂದವನು ಒಂದು ಟೈಲ್ ಒಡೆದರೆ ಅದೇ ಬ್ಯಾಚಿನದು ಅಂಗಡಿಯಲ್ಲಿ ಸಿಗುವುದಿಲ್ಲ.